ಕಾಲಂ ಹದಿನಾಲ್ಕು

ಮಾಪುಸಾದ ಹಳೇ ಬಸ್ ಸ್ಟ್ಯಾಂಡಿನ ಹಿಂದೆ
ಸುಟ್ಟ ಓಮ್ನಿಗೆ ಒಂದು ಪ್ರದಕ್ಷಿಣೆ ಹಾಕಿದೆ,
ಕೈಯಲ್ಲಿ ಟೇಪು. ಹನ್ನೆರಡು ಫೋಟೋ:
ಮುಂದೆ, ಹಿಂದೆ, ಚಾಸಿ ನಂಬರು,
ಕರಗಿ ಜೋತುಬಿದ್ದ ಸ್ಟೇರಿಂಗು.
ಬಣ್ಣ ಬಿಳಿ, ಅನ್ನುತ್ತದೆ ಆರ್.ಸಿ. ಪುಸ್ತಕ.
ನಾನೂ ಬಿಳಿ ಎಂದೇ ಬರೆದೆ.

ಇಪ್ಪತ್ತೆರಡು ವರ್ಷದ ಸರ್ವೇಯರಿಕೆ.
ಲೋಹ ಸುಳ್ಳು ಹೇಳುವುದಿಲ್ಲ,
ಹೇಳುವವರು ಅದರ ಪಕ್ಕ ನಿಂತಿರುತ್ತಾರೆ.
ಅಗಲ ಟಯರಿನ ಹುಡುಗರನ್ನು ಕಂಡಿದ್ದೇನೆ,
"ಶೋರೂಮಿನಿಂದಲೇ ಹೀಗೆ ಬಂತು ಸರ್" ಅನ್ನುವವರು;
ಕಲಂಗೂಟಿನ ದಾರಿಯಲ್ಲಿ ತಲೆ ಕೊಯ್ಸಿಕೊಂಡ ಜೀಪುಗಳು,
ಸೀಟಿನಡಿ ಕದ್ದು ಕೂತ ಗ್ಯಾಸ್ ಕಿಟ್ಟುಗಳು,
ಇಲ್ಲದ ಹುಲಿಯ ಗಂಟಲನ್ನು ಸೈಲೆನ್ಸರಿಗೆ ಕಟ್ಟಿಸಿ
ಪರ್ವರಿ ಇಳಿಜಾರಿನಲ್ಲಿ ಕಂಬಕ್ಕೆ ಮುತ್ತಿಟ್ಟ ಕಾರುಗಳು.
ಎಲ್ಲರಿಗೂ ಹೇಳಿದ್ದು ಒಂದೇ ಮಾತು:
ಬದಲಿಸಿ, ಯಾರು ಬೇಡ ಅಂದರು. ತಿಳಿಸಿ.
ನಾಲ್ಕು ಸಾಲಿನ ಅರ್ಜಿ, ಚೂರು ಹೆಚ್ಚಿನ ಕಂತು,
ಪಾಲಿಸಿಯ ಬೆನ್ನಿಗೆ ಒಂದು ಚೀಟಿ.
ಮದುವೆಯಾದರೆ ರೇಷನ್ ಕಾರ್ಡಿಗೆ ಹೆಸರು ಸೇರಿಸುವುದಿಲ್ಲವೇ, ಹಾಗೆ.

ಈ ಓಮ್ನಿಯ ಹಿಂದಿನ ಸೀಟು ಎಲ್ಲಿ?
ಎಡಮಗ್ಗುಲಿನ ತಗಡನ್ನು ಇಷ್ಟಗಲ ಕೊಯ್ದು
ಬಿಜಾಗರಿ ಹಚ್ಚಿ, ಇಳಿಸಿದರೆ ಹಲಗೆಯಾಗುವಂತೆ
ಮಾಡಿದವರು ಯಾರು?
ನನಗೆ ಗೊತ್ತು. ಬಸ್ತ್ಯಾಂವ, ಆಸಗಾಂವದ ವೆಲ್ಡರು,
ಮೂರು ಸಾವಿರಕ್ಕೆ ಮತ್ತು ಎರಡು ಬಾಟಲಿ ಉರಾಕಿಗೆ.
ಗೊತ್ತು, ಯಾಕೆಂದರೆ ಆ ಹಲಗೆಯ ಮೇಲೆ
ಮೂರು ವರ್ಷ ನನ್ನ ಮೊಣಕೈ ಇತ್ತು.

ರಾತ್ರಿ ಒಂಬತ್ತೂವರೆ. ಪಿಯೆದಾದ್ ಬಾಯಿ
ಒಂದೇ ಕೈಯಲ್ಲಿ ಮೊಟ್ಟೆ ಒಡೆಯುವಳು,
ಇನ್ನೊಂದರಲ್ಲಿ ಈರುಳ್ಳಿ, ಹಸಿಮೆಣಸು,
ಆಮ್ಲೆಟ್ಟಿನ ಮೇಲೆ ಶಾಕುತಿಯ ಕುದಿವ ರಸ,
ಬದಿಗೆ ಹೊಟ್ಟೆ ಟೊಳ್ಳಾದ ಪೊಯಿ.
"ಪಾತ್ರಾಂವ, ಇವತ್ತು ಯಾರ ಗಾಡಿ ಸತ್ತಿತು?"
ನಾನು ಬಾಯ್ತುಂಬ ತುಂಬಿಕೊಂಡು
ಸತ್ತ ಗಾಡಿಯ ಕಥೆ ಹೇಳುತ್ತಿದ್ದೆ.
ಮೊಣಕಾಲಿನಿಂದ ಒಂದು ಗೇಣು ಆಚೆ
ಕೆಂಪು ಸಿಲಿಂಡರು, ಮನೆಬಳಕೆಯದು.
ಒಮ್ಮೆಯೂ ಅನ್ನಲಿಲ್ಲ:
ಬಾಯಿ, ನಿನ್ನದು ಖಾಸಗಿ ಗಾಡಿಯ ಪಾಲಿಸಿ,
ಅರ್ಜಿ ಕೊಡು, ನಾನೇ ಬರೆದುಕೊಡುತ್ತೇನೆ.
ರಸ ಅಷ್ಟು ಚೆನ್ನಾಗಿತ್ತೋ,
ಹಗಲೆಲ್ಲ ಆಡಿದ್ದನ್ನು ರಾತ್ರಿಯೂ ಆಡಲು ಬೇಸರವೋ.

ಈಗ ಮುನಿಸಿಪಾಲಿಟಿಯ ಕಟ್ಟೆಯ ಮೇಲೆ ಕೂತಿದ್ದಾಳೆ,
ಮೊಟ್ಟೆಯ ಕೈಗೆ ಬ್ಯಾಂಡೇಜು,
ಮಡಿಲ ಪ್ಲಾಸ್ಟಿಕ್ ಚೀಲದಲ್ಲಿ ಇಸ್ತ್ರಿ ಹಾಕಿದಂಥ ಪಾಲಿಸಿ.
"ಕಟ್ಟಿದ್ದೇನೆ ಪಾತ್ರಾಂವ. ನೋಡು. ಪ್ರತಿ ಜೂನು."
ನೋಡುತ್ತೇನೆ. ಪ್ರತಿ ಜೂನು.
ಕಾಗದದೊಳಗೆ ಐದು ಸೀಟಿನ ಒಂದು ಓಮ್ನಿ,
ಭಾನುವಾರ ಸಂಸಾರವನ್ನು ಇಗರ್ಜಿಗೆ ಒಯ್ಯುತ್ತದೆ.
ಅದಕ್ಕೆ ಏನೂ ಆಗಿಲ್ಲ,
ಬೆಳ್ಳಗೆ ಅಲ್ಲೇ ಓಡುತ್ತಿದೆ.
ಸುಟ್ಟದ್ದು ಬೇರೆ ಗಾಡಿ,
ಕಂಪನಿ ಅದರ ಹೆಸರೇ ಕೇಳಿಲ್ಲ.

ಬೆಂಕಿಯ ಬೇರು ಹುಡುಕಿದೆ, ಬೂದಿಯಲ್ಲಿ ಮಂಡಿಯೂರಿ.
ಡ್ಯಾಶ್‌ಬೋರ್ಡಿನ ಹಿಂದೆ ತಾಮ್ರದ ತಂತಿ
ಮಣಿಮಣಿಯಾಗಿ ಕರಗಿದೆ.
ಸಿಲಿಂಡರು ಇಡಿಯಾಗಿದೆ, ತಿರುಗಣೆ ಬಂದ್.
ಅಂದರೆ ಒಲೆಯದಲ್ಲ ತಪ್ಪು. ಇದನ್ನು ಬರೆಯಬಲ್ಲೆ.
ಹತ್ತರಲ್ಲಿ ಮೂರು ಪಾಲು ಸಿಕ್ಕೀತು,
ಐದೇ ಸಿಕ್ಕೀತು,
ಅಥವಾ ಬರೀ ಪತ್ರಗಳು.

ಉಳಿದದ್ದು ಕಾಲಂ ಹದಿನಾಲ್ಕು.
ವಾಹನದಲ್ಲಿ ಮಾಡಿದ ಬದಲಾವಣೆ
ಕಂಪನಿಯ ಗಮನಕ್ಕೆ ಬಂದಿತ್ತೇ?
ಹೌದು, ಇಲ್ಲ. ಅನ್ವಯಿಸದ್ದನ್ನು ಹೊಡೆದುಹಾಕಿ.

ಸ್ಕೂಟರಿನ ಸೀಟಿನ ಮೇಲೆ ಫಾರ್ಮು ಹರವಿ ನಿಂತಿದ್ದೇನೆ.
ಕಂಪನಿ ಅಂದರೆ ಯಾರು,
ಪಣಜಿಯ ಮೂರನೇ ಮಹಡಿಯ ಏಸಿಯೇ?
ಅದು ಪೊಯಿ ತಿನ್ನುವುದಿಲ್ಲ.
ಅದರ ಪರವಾಗಿ ನೋಡಲು ಹೋಗುವ ಕಣ್ಣು ನನ್ನದು,
ಮೂರು ವರ್ಷ ನೋಡಿತು,
ಕೈ ಬಾಯಿ ಒರೆಸಿಕೊಂಡಿತು.

ಪೆನ್ನಿನ ಮುಚ್ಚಳ ತೆಗೆಯುವಷ್ಟರಲ್ಲಿ
ಕಟ್ಟೆಯಿಂದ ಅವಳ ಕೂಗು:
"ಪಾತ್ರಾಂವ, ಬುಧವಾರದ ಎಂಬತ್ತು ರೂಪಾಯಿ ನಿನ್ನದು ಬಾಕಿ.
ಲೆಕ್ಕದ ಪುಸ್ತಕ ಸುಟ್ಟಿದೆ,
ನನಗೆ ನೆನಪಿದೆ."